ಕಲ್ಲಕ್ಷರದಿಂದ ಕರಡಚ್ಚಿಗೆ

ಬರೆದವನ ಕೈಯಿಂದ ಹೊರಟ ಅಕ್ಷರವು ಓದುವವನ ಕಣ್ಣನ್ನು ಸೇರುವುದರೊಳಗಾಗಿ ಎಷ್ಟು ಕೈಗಳನ್ನು ದಾಟಬೇಕಾಗುವುದೆಂಬುದನ್ನು ವಾಚಕರು ಸಾಮಾನ್ಯವಾಗಿ ಆಲೋಚಿಸುವುದಿಲ್ಲ. ದಾಟುವ ಒಂದೊಂದೆಡೆಯಲ್ಲಿಯೂ ಅದು ಕೆಡುವ ಸಂಭವವುಂಟು. ಈ ಕೇಡನ್ನು ತಡೆಯಲು ಆಯಾ ಕಾಲದವರು ಪಟ್ಟ ಶ್ರಮವೇ ಮುದ್ರಣ ಚರಿತ್ರೆಯ ಬಹುಭಾಗವಾಗಿರುತ್ತದೆ. ತಾಂಡ್ಯ, ನಂಜನಗೂಡು, ತಿರುಮಕೂಡಲು ನರಸೀಪುರಗಳನ್ನೊಳಗೊಂಡ ಕಪಿಲಾ ಕಾವೇರಿಗಳ ಸೀಮೆಯಲ್ಲಿ ಈ ಚರಿತ್ರೆಯನ್ನು ಆದ್ಯಂತವಾಗಿ ನೋಡಬಹುದು.

ಈ ಸೀಮೆಯ ಬರಹವು ಮೊದಲು ಕಲ್ಲಿನ ಮೇಲಿದ್ದಿತು. ತಲಕಾಡಿನ ಶಾಸನಗಳೂ, ಮೂರನೆಯ ನರಸಿಂಹನ ದಂಡನಾಯಕನಾದ ಸೋಮನಾಥನು 13ನೆಯ ಶತಮಾನದಲ್ಲಿ ಕಟ್ಟಿಸಿದ ಸೋಮನಾಥಪುರದ ದೇವಾಲಯದ ಶಾಸನವೂ ಇದಕ್ಕೆ ಸಾಕ್ಷಿ. ಇವುಗಳನ್ನು ಅಚ್ಚಿಗೆ ತಂದ ಮಹನೀಯರು ಬಿ. ಎಲ್. ರೈಸ್. 1837ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದ ಇವರು ಸಂಸ್ಥಾನದ ಸುಮಾರು 9,000 ಶಾಸನಗಳನ್ನು 'ಎಪಿಗ್ರಾಫಿಯಾ ಕರ್ನಾಟಿಕಾ' ಎಂಬ ಸಂಪುಟಮಾಲೆಯಲ್ಲಿ ಪ್ರಕಟಿಸಿದರು. 1894ರಲ್ಲಿ ಹೊರಬಂದ ಮೂರನೆಯ ಸಂಪುಟದಲ್ಲಿ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲೂಕುಗಳ ಶಾಸನಗಳು ಸೇರಿರುವುವು.

ಕಲ್ಲನ್ನು ಅಚ್ಚುಕೂಟಕ್ಕೆ ಹೊತ್ತೊಯ್ಯಲಾಗದು. ಆದುದರಿಂದ ಶಾಸನವನ್ನು ತೊಳೆದು, ಒದ್ದೆಮಾಡಿದ ಕಾಗದವನ್ನು ಅದರ ಮೇಲೆ ಹಾಸಿ, ಕುಂಚದಿಂದ ಬಡಿದು, ಮಸಿ ಹಚ್ಚಿ ಪಡಿಯಚ್ಚನ್ನು ತೆಗೆಯುವುದು ವಾಡಿಕೆ. ಆಗ ಕಪ್ಪು ನೆಲದಲ್ಲಿ ಅಕ್ಷರಗಳು ಬೆಳ್ಳಗೆ ಮೂಡುತ್ತವೆ. ಪಂಡಿತರು ಅದನ್ನು ಓದಿ ಪ್ರತಿ ಮಾಡುವರು. ಮೊಳೆ ಜೋಡಿಸುವವನು ಆ ಪ್ರತಿಯನ್ನು ನೋಡಿ ಜೋಡಿಸುವನು. ಅವನು ಮೂಲವನ್ನು ಕಂಡವನಲ್ಲ. ಕರಡಚ್ಚನ್ನು ಪಡಿಯಚ್ಚಿನೊಡನೆ ಹೋಲಿಸುವವರು ಒಂದು ಅಂಕೆಯನ್ನು ತಪ್ಪಿ ಓದಿದರೂ ದಾನದ ವರ್ಷವು ತಪ್ಪುವುದು. ಒಂದು ಅಕ್ಷರವನ್ನು ಬಿಟ್ಟರೂ ಗ್ರಾಮದ ಹೆಸರು ಬೇರೆಯಾಗುವುದು.

ಕನ್ನಡಕ್ಕೆ ಮೊಳೆ ಜೋಡಿಸುವುದೇ ಕಷ್ಟದ ಕೆಲಸವಾಗಿದ್ದಿತು. ವಿಲಿಯಂ ಕೇರಿಯ ಕನ್ನಡ ವ್ಯಾಕರಣವು 1817ರಲ್ಲಿ ಶ್ರೀರಾಂಪುರದಲ್ಲಿ ಅಚ್ಚಾಯಿತು. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಹೊರಡಿಸಿದ 'ಮಂಗಳೂರ ಸಮಾಚಾರ'ವು ಕಲ್ಲಚ್ಚಿನಲ್ಲಿ ಮುದ್ರಿತವಾಯಿತು. ಕಾಗುಣಿತದ ರೂಪಗಳಿಗೂ, ಅಡಿಯಲ್ಲಿ ಬರುವ ಒತ್ತುಗಳಿಗೂ, ಪಕ್ಕದಲ್ಲಿ ನಿಲ್ಲುವ ಅರ್ಕಾವೊತ್ತಿಗೂ ಬೇರೆ ಬೇರೆ ಮೊಳೆಗಳು ಬೇಕಾಗಿದ್ದುವು. ಹೀಗಾಗಿ ಗ್ಯಾಲಿಯ ಕರಡು, ಪುಟದ ಕರಡು ಎಂದು ಎರಡು ಮೂರು ಬಾರಿ ತಿದ್ದುವ ಪದ್ಧತಿಯು ಬೆಳೆಯಿತು. ಅಷ್ಟಾದರೂ ಉಳಿದ ದೋಷಗಳಿಗಾಗಿ ಗ್ರಂಥದ ಕೊನೆಯಲ್ಲಿ ತಪ್ಪು ಒಪ್ಪುಗಳ ಪಟ್ಟಿಯನ್ನು ಸೇರಿಸುತ್ತಿದ್ದರು.

ಗಣಕಯಂತ್ರವು ಬಂದ ಮೇಲೆ ಸೀಸದ ಮೊಳೆಗಳು ಮರೆಯಾದುವು. ಆದರೆ ತೊಡಕು ಮರೆಯಾಗಲಿಲ್ಲ, ರೂಪವನ್ನು ಬದಲಿಸಿತು. 1998ರಲ್ಲಿ ಬಂದ 'ಬರಹ'ವೂ, ಕನ್ನಡ ಗಣಕ ಪರಿಷತ್ತಿನ 'ನುಡಿ'ಯೂ ಮನೆಮನೆಗೆ ಕನ್ನಡದ ಬೆರಳಚ್ಚನ್ನು ತಂದುವು. ಆ ಕಾಲದ ಫಾಂಟುಗಳಲ್ಲಿ ರೋಮನ್ ಅಕ್ಷರಗಳಿಗೆಂದಿದ್ದ ಸಂಖ್ಯೆಗಳಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಇರಿಸಿದ್ದರು. ಅಂತಹ ಕಡತವು ಆ ಫಾಂಟು ಇಲ್ಲದ ಯಂತ್ರಕ್ಕೆ ಹೋದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯು ತೋರುವುದು. 1991ರಲ್ಲಿ ಪ್ರಕಟವಾದ ಯೂನಿಕೋಡ್ ಪದ್ಧತಿಯು ಕನ್ನಡಕ್ಕೆ ಪ್ರತ್ಯೇಕವಾಗಿ 128 ಸ್ಥಾನಗಳನ್ನು ಕಾದಿರಿಸಿ ಈ ದೋಷಕ್ಕೆ ಪರಿಹಾರವನ್ನು ತೋರಿಸಿತು. ಅದು ಬಳಕೆಗೆ ಬರಲು ಅನೇಕ ವರ್ಷಗಳು ಹಿಡಿದುವು.

ಈಗ ತಾಂಡ್ಯದ ಮನೆಯೊಂದರಿಂದ ಮೈಸೂರಿನ ಅಚ್ಚುಕೂಟಕ್ಕೆ ಗ್ರಂಥವನ್ನು ಕ್ಷಣಮಾತ್ರದಲ್ಲಿ ಕಳುಹಿಸಬಹುದು. ಕಳುಹಿಸುವ ಮುನ್ನ ನೋಡಬೇಕಾದ ಸಂಗತಿಗಳು ಕೆಲವುಂಟು. 1993ರಲ್ಲಿ ಬಂದ ಪಿಡಿಎಫ್ ಎಂಬ ರೂಪದಲ್ಲಿ ಫಾಂಟನ್ನು ಕಡತದೊಳಗೇ ಅಡಕಗೊಳಿಸಬೇಕು. ಹಾಗೆ ಮಾಡಿದರೆ ಒತ್ತಕ್ಷರಗಳು ದಾರಿಯಲ್ಲಿ ಸ್ಥಾನಪಲ್ಲಟಗೊಳ್ಳುವುದಿಲ್ಲ. ಹಳಗನ್ನಡದ ಱ, ೞ ಅಕ್ಷರಗಳು ಆ ಫಾಂಟಿನಲ್ಲಿ ಇವೆಯೇ ಎಂದು ಪರೀಕ್ಷಿಸಬೇಕು. ಇಲ್ಲವಾದರೆ ಶಾಸನಪಾಠದಲ್ಲಿ ಬರಿಯ ಚೌಕಗಳು ನಿಲ್ಲುವುವು. ಚಿತ್ರಗಳಿಗೆ ಅಂಗುಲಕ್ಕೆ 300 ಬಿಂದುಗಳೂ, ಅಂಚಿನವರೆಗೆ ಬಣ್ಣವಿರುವ ಪುಟಗಳಿಗೆ ಕತ್ತರಿಸುವಾಗ ಬಿಳಿಯಂಚು ಉಳಿಯದಂತೆ ಸುತ್ತಲೂ 3 ಮಿಲಿಮೀಟರು ಹೆಚ್ಚುವರಿ ಜಾಗವೂ ರೂಢಿಯಾಗಿರುವುದು. ಒಂದು ದೊಡ್ಡ ಹಾಳೆಯ ಎರಡು ಮಗ್ಗುಲುಗಳಲ್ಲಿ 16 ಪುಟಗಳು ಅಚ್ಚಾಗುವ ಕ್ರಮವಿರುವಲ್ಲಿ ಪುಟಸಂಖ್ಯೆಯನ್ನು ಅದಕ್ಕೆ ಹೊಂದಿಸುವುದು ಲಾಭಕರ. ಕಡೆಯದಾಗಿ, ಪರದೆಯ ಮೇಲೆ ನೋಡಿ ತೃಪ್ತರಾಗದೆ ಕಾಗದದ ಮೇಲೆ ಕರಡನ್ನು ತೆಗೆಸಿ, ಮೂಲಪ್ರತಿಯೊಡನೆ ಗಟ್ಟಿಯಾಗಿ ಓದಿಸಿ ಹೋಲಿಸಬೇಕು. ಪರದೆಯ ಬಣ್ಣವು ಬೆಳಕಿನದು, ಹಾಳೆಯ ಬಣ್ಣವು ಮಸಿಯದು. ಅವೆರಡೂ ಒಂದೇ ಆಗಿರುವುದಿಲ್ಲ.

ಇಷ್ಟೆಲ್ಲ ಎಚ್ಚರವು ಅಚ್ಚುಕೂಟದವರ ಅನುಕೂಲಕ್ಕಾಗಿ ಮಾತ್ರವೆಂದು ಬಗೆಯಬಾರದು. ಸೋಮನಾಥಪುರದ ಮಹಾದ್ವಾರದಲ್ಲಿ ನಿಂತಿರುವ ಶಾಸನವನ್ನು ಏಳು ಶತಮಾನಗಳಿಗೂ ಮೀರಿದ ಮೇಲೆ ಇಂದಿಗೂ ಓದಬಲ್ಲವರಿದ್ದಾರೆ. ಆದರೆ 1990ರ ದಶಕದಲ್ಲಿ ಗಣಕದಲ್ಲಿ ಸಿದ್ಧವಾದ ಊರಿನ ಚರಿತ್ರೆ, ಮನೆತನದ ವಂಶಾವಳಿ, ಹಿರಿಯರ ಪದ್ಯಸಂಗ್ರಹ ಮುಂತಾದುವು ಹಳೆಯ ಫಾಂಟು ದೊರೆಯದ ಕಡೆಯಲ್ಲಿ ಮೂವತ್ತು ವರ್ಷಗಳೊಳಗೇ ಓದಲಾಗದ ಸ್ಥಿತಿಗೆ ಬಂದಿರುವುವು. ಅವುಗಳನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳುಂಟು. ಪರಿವರ್ತಿಸಿದುದನ್ನು ತಿದ್ದಲು ಮೂಲವನ್ನು ಬಲ್ಲ ಹಿರಿಯರು ಬೇಕು, ಮತ್ತು ಅವರು ಬಹುಕಾಲ ಇರುವವರಲ್ಲ. ಆದುದರಿಂದ ಯಾರ ಮನೆಯಲ್ಲಿ ಅಂತಹ ಕಡತಗಳಿವೆಯೋ ಅವರು ಈಗಲೇ ಅವುಗಳನ್ನು ತೆರೆದು, ಪರಿವರ್ತಿಸಿ, ಒಂದು ಪ್ರತಿಯನ್ನು ಕಾಗದದ ಮೇಲೆ ಅಚ್ಚುಮಾಡಿಸಿ ಇರಿಸುವುದು ಉಚಿತ. ಕಲ್ಲು ಕೊರೆದವನು ಒಮ್ಮೆ ಕೊರೆದು ಹೋದನು; ಕಡತವನ್ನಾದರೋ ಒಂದೊಂದು ತಲೆಮಾರಿನವರೂ ಮತ್ತೆ ತೆರೆದು ನೋಡಿ ಕಾಪಾಡಬೇಕಾಗಿರುತ್ತದೆ.