ಹಳೆಯ ಚಿತ್ರಗಳ ಬಿಳಿಯ ಆಕಾಶ

ಉದಕಮಂಡಲದ ಹಳೆಯ ಛಾಯಾಚಿತ್ರಗಳನ್ನು ತರಗತಿಯಲ್ಲಿ ತೋರಿಸಿದಾಗ ಮಕ್ಕಳಿಂದ ಒಂದು ಪ್ರಶ್ನೆ ಬರುವುದುಂಟು: “ಸಾರ್, ಆಗ ಇಲ್ಲಿ ಮೋಡಗಳೇ ಇರಲಿಲ್ಲವೆ?” ಕೆರೆ, ಮನೆ, ಹುಲ್ಲು ಹೊದೆದ ದಿಣ್ಣೆಗಳು ಚಿತ್ರದಲ್ಲಿ ನಿಚ್ಚಳವಾಗಿವೆ, ಆಕಾಶ ಮಾತ್ರ ಬರೆಯದೆ ಬಿಟ್ಟ ಹಾಳೆಯಂತೆ ಬಿಳುಪಾಗಿದೆ. ಮುಂಗಾರು ಹಿಂಗಾರುಗಳೆರಡನ್ನೂ ಕಾಣುವ ನೀಲಗಿರಿಗೆ ಮೋಡದ ಬರವೆಲ್ಲಿಯದು? ಮಕ್ಕಳ ಈ ಪ್ರಶ್ನೆ ಹುಡುಗಾಟದ್ದಲ್ಲ. ಚಿತ್ರವನ್ನು ಇತಿಹಾಸದ ಸಾಕ್ಷಿಯೆಂದು ಕರೆಯುವ ನಾವು, ಆ ಸಾಕ್ಷಿಯ ಕಣ್ಣಿಗೆ ಏನು ಕಾಣುತ್ತಿತ್ತು, ಏನು ಕಾಣುತ್ತಿರಲಿಲ್ಲ ಎಂಬುದನ್ನು ಮೊದಲು ವಿಚಾರಿಸಬೇಕು.

1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರನು ಒದ್ದೆಗಾಜಿನ ವಿಧಾನವನ್ನು ಪ್ರಕಟಿಸಿದನು. ಗಾಜಿಗೆ ಕೊಲೋಡಿಯನ್ ಎಂಬ ಅಂಟುದ್ರವವನ್ನು ಬಳಿದು, ಬೆಳ್ಳಿಯ ಲವಣದ ನೀರಿನಲ್ಲಿ ಅದ್ದಿ, ಆರುವುದರೊಳಗೆ ಚಿತ್ರ ತೆಗೆದು ತೊಳೆಯಬೇಕಾಗಿತ್ತು. ಆದಕಾರಣ ಕತ್ತಲೆಯ ಗುಡಾರವೂ ಔಷಧಗಳ ಸೀಸೆಗಳೂ ಚಿತ್ರಕಾರನ ಸಂಗಡ ಬೆಟ್ಟ ಹತ್ತಬೇಕಾಗಿದ್ದವು. 1863ರಲ್ಲಿ ಭಾರತಕ್ಕೆ ಬಂದ ಸ್ಯಾಮ್ಯುಯೆಲ್ ಬೋರ್ನನು ಹಿಮಾಲಯವನ್ನು ಚಿತ್ರಿಸಿ, ಆ ದಶಕದ ಕೊನೆಯಲ್ಲಿ ನೀಲಗಿರಿಯನ್ನು ಚಿತ್ರಿಸಿದ್ದು ಇಂಥ ಗಾಜುಗಳ ಮೇಲೆಯೇ.

ಈ ಗಾಜಿಗೆ ಒಂದು ಕುರುಡಿತ್ತು. ನೀಲಿ ಮತ್ತು ನೇರಿಳೆ ಬೆಳಕಿಗೆ ಅದು ಬೇಗನೆ ಒಲಿಯುತ್ತಿತ್ತು. ಹಸುರಿಗೂ ಕೆಂಪಿಗೂ ಬಹುಮಟ್ಟಿಗೆ ಒಲಿಯುತ್ತಿರಲಿಲ್ಲ. ಹಸುರು ಬೆಟ್ಟ ಮೂಡುವಷ್ಟು ಹೊತ್ತು ಬೆಳಕು ಕೊಟ್ಟರೆ, ನೀಲಿಯ ಆಕಾಶವೂ ಬಿಳಿಯ ಮೋಡವೂ ಅಳತೆ ಮೀರಿ ಒಂದಾಗಿಬಿಡುತ್ತಿದ್ದವು. ಕಾಗದಕ್ಕೆ ಇಳಿಸಿದಾಗ ಉಳಿಯುತ್ತಿದ್ದುದು ಬರಿಯ ಬಿಳುಪು. ಆದ್ದರಿಂದ ಹಳೆಯ ಚಿತ್ರದ ಬಿಳಿಯ ಆಕಾಶ ಮೋಡವಿಲ್ಲದ ದಿನದ ಗುರುತಲ್ಲ, ಗಾಜಿನ ಮಿತಿಯ ಗುರುತು.

ಈ ತೊಡಕಿಗೆ ಫ್ರಾನ್ಸಿನ ಗುಸ್ತಾವ್ ಲ ಗ್ರೆ ಎಂಬಾತನು 1850ರ ದಶಕದ ನಡುವಿನಲ್ಲೇ ಒಂದು ಉಪಾಯವನ್ನು ಮಾಡಿದ್ದನು. ಸಮುದ್ರಕ್ಕೊಂದು ಗಾಜು, ಆಕಾಶಕ್ಕೊಂದು ಗಾಜು. ಎರಡಕ್ಕೂ ಬೇರೆ ಬೇರೆ ಬೆಳಕು ಕೊಟ್ಟು, ಕಾಗದದ ಮೇಲೆ ಒಂದುಗೂಡಿಸುವುದು. ನೋಡಿದವರು ಬೆರಗಾದರು. ಆದರೆ ಒಂದೇ ಮೋಡದ ಗಾಜು ಬೇರೆ ಬೇರೆ ಸಮುದ್ರಗಳ ಮೇಲೆ ತೇಲಿದ್ದೂ ಉಂಟು. ತಿದ್ದುವ ಕಲೆ ಗಣಕಯಂತ್ರದೊಂದಿಗೆ ಹುಟ್ಟಿತೆಂದು ತಿಳಿಯುವವರು ಈ ಸಂಗತಿಯನ್ನು ನೆನೆಯಬೇಕು.

1873ರಲ್ಲಿ ಜರ್ಮನಿಯ ಹರ್ಮನ್ ಫೋಗೆಲನು ಲೇಪಕ್ಕೆ ಬಣ್ಣವನ್ನು ಬೆರೆಸಿದರೆ ಅದು ಹಸುರನ್ನೂ ಕಾಣಬಲ್ಲುದೆಂದು ತೋರಿಸಿದನು. 20ನೆಯ ಶತಮಾನದ ಆರಂಭದಲ್ಲಿ ಎಲ್ಲ ಬಣ್ಣಗಳಿಗೂ ಒಲಿಯುವ ಫಲಕಗಳು ಮಾರಾಟಕ್ಕೆ ಬಂದವು. ಮಸೂರದ ಮುಂದೆ ಹಳದಿಯ ಗಾಜನ್ನಿಟ್ಟರೆ ನೀಲಿ ತಗ್ಗಿ ಮೋಡ ಎದ್ದು ಕಾಣುವುದು. ಕೆಂಪಿನ ಗಾಜನ್ನಿಟ್ಟರೆ ಆಕಾಶ ಇನ್ನೂ ಕಪ್ಪಾಗುವುದು. ಕತ್ತಲೆಕೋಣೆಯಲ್ಲಿಯೂ ಬೆಟ್ಟಕ್ಕೆ ಕೈಯನ್ನು ಮರೆಹಿಡಿದು, ಆಕಾಶಕ್ಕೆ ಹೆಚ್ಚು ಬೆಳಕು ಕೊಟ್ಟು ಮೋಡವನ್ನು ಹೊರತರುತ್ತಿದ್ದರು. ಈ ಕಥೆಯಲ್ಲಿ ನಮ್ಮ ಜಿಲ್ಲೆಗೂ ಪಾಲುಂಟು. 1960ರಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಸಂಸ್ಥೆ 1967ರಲ್ಲಿ ಉದಕಮಂಡಲದಲ್ಲಿ ಫಿಲ್ಮಿನ ತಯಾರಿಕೆಯನ್ನು ಆರಂಭಿಸಿತು. ‘ಇಂದು’ ಎಂಬ ಹೆಸರಿನ ಕಪ್ಪು ಬಿಳುಪಿನ ಫಿಲ್ಮು ಇಲ್ಲಿಂದ ದೇಶದ ನಾನಾ ಕಡೆಗಳಿಗೆ ಹೋಯಿತು. ಆ ಕಾರ್ಖಾನೆ ಈಗ ಮುಚ್ಚಿದೆ.

ಫಿಲ್ಮಿನ ಕಾಲ ಮುಗಿದರೂ ಪಾಠ ಮುಗಿಯಲಿಲ್ಲ, ತಲೆಕೆಳಗಾಯಿತು. ಫಿಲ್ಮಿನಲ್ಲಿ ನೆರಳಿಗೆ ಬೆಳಕು ಸಾಲದಿದ್ದರೆ ಅಲ್ಲಿಯ ವಿವರ ಮತ್ತೆ ದೊರೆಯುತ್ತಿರಲಿಲ್ಲ. ಇಂದಿನ ಡಿಜಿಟಲ್ ಕ್ಯಾಮರಾದಲ್ಲಿ ಹೋದರೆ ಮರಳದಿರುವುದು ಬಿಳುಪು. ಕೊಡ ತುಂಬಿ ಹೊರಚೆಲ್ಲಿದ ನೀರೆಷ್ಟೆಂದು ಕೊಡವನ್ನು ನೋಡಿ ಹೇಳಲಾಗದು. ಅಳತೆ ಮೀರಿದ ಬೆಳಕಿನ ಗತಿಯೂ ಅದೇ. ಮಸಿನಗುಡಿಯಲ್ಲಿ ನಿಂತು ನೀಲಗಿರಿಯ ಗೋಡೆಯನ್ನೂ ಅದರ ನೆತ್ತಿಯ ಮೋಡವನ್ನೂ ಹಿಡಿಯಬಯಸುವ ವಿದ್ಯಾರ್ಥಿ, ಮೊಬೈಲಿನ ತೆರೆಯಲ್ಲಿ ಮೋಡವನ್ನು ಮುಟ್ಟಿ, ಅದರ ಅಂಚು ಕಾಣುವವರೆಗೆ ಬೆಳಕನ್ನು ತಗ್ಗಿಸಲಿ. ಕಾಡು ತುಸು ಕಪ್ಪಾಗುವುದು. ಅದನ್ನು ಆಮೇಲೆ ತಿದ್ದುವಾಗ ಮಿತವಾಗಿ ಎತ್ತಬಹುದು. ನಡುಹಗಲಿಗಿಂತ ಬೆಳಗು ಬೈಗು ಲೇಸು. ಆಗ ನೆಲ ಮುಗಿಲುಗಳ ಬೆಳಕಿನ ಅಂತರ ಕಿರಿದು. ಕೆಲವು ಮೊಬೈಲುಗಳು ಬೇರೆ ಬೇರೆ ಅಳತೆಯ ಹಲವು ಚಿತ್ರಗಳನ್ನು ತಾವೇ ತೆಗೆದು ಒಂದುಗೂಡಿಸುತ್ತವೆ. ಲ ಗ್ರೆಯ ಎರಡು ಗಾಜುಗಳ ಮೊಮ್ಮಕ್ಕಳು ಅವು.

ಆದರೆ ತಿದ್ದುವುದಕ್ಕೂ ಒಂದು ಮೇರೆಯಿದೆ. ಅಡಗಿದ್ದ ಮೋಡವನ್ನು ಹೊರತರುವುದು ಬೇರೆ, ಇಲ್ಲದ ಮೋಡವನ್ನು ಅಂಟಿಸುವುದು ಬೇರೆ. ಇಂದು ಬೆರಳೊತ್ತಿದರೆ ಗೂಡಲೂರಿನ ಮಳೆಗಾಲದ ಬೆಟ್ಟದ ಮೇಲೆ ಯಾವುದೋ ದೇಶದ ಸಂಜೆಗೆಂಪು ಬಂದು ಕೂರುತ್ತದೆ. ಕಣ್ಣಿಗೆ ಹಿತವೇ, ಆದರೆ ಸಾಕ್ಷಿ ಕೆಟ್ಟಿತು. ಇಂದು ಚಹದ ತೋಟವೋ ನೀಲಗಿರಿ ಮರಗಳ ತೋಪೋ ಆಗಿರುವ ಎಷ್ಟೋ ದಿಣ್ಣೆಗಳು ಹಿಂದೆ ಹುಲ್ಲುಗಾವಲಾಗಿದ್ದವೆಂದು ನಾವು ತೋರಿಸುವುದು ಆ ಹಳೆಯ ಚಿತ್ರಗಳಿಂದಲೇ ಅಲ್ಲವೆ? ಅವುಗಳ ಆಕಾಶ ಕುರುಡಾಗಿದ್ದರೂ ನೆಲ ಸುಳ್ಳಾಡಲಿಲ್ಲ.

ನೂರು ವರ್ಷಗಳ ಮೇಲೆ ಇನ್ನೊಂದು ತರಗತಿಯ ಮಕ್ಕಳು ನಮ್ಮ ಚಿತ್ರಗಳನ್ನು ನೋಡುವರು. ಅವರೂ ಮೋಡಗಳ ವಿಚಾರವನ್ನು ಕೇಳುವರು. ಆದುದರಿಂದ ವಿದ್ಯಾರ್ಥಿ ಮಿತ್ರರು ಮೂಲ ಚಿತ್ರವನ್ನು ಅಳಿಸದಿರಲಿ. ತೆಗೆದ ಸ್ಥಳವನ್ನೂ ದಿನವನ್ನೂ, ತಿದ್ದಿದ್ದರೆ ತಿದ್ದಿದ ಬಗೆಯನ್ನೂ ಅದರ ಜೊತೆಗೆ ಬರೆದಿಡಲಿ. ಆ ಎರಡು ಸಾಲುಗಳಿದ್ದರೆ ಅಂದಿನ ಗುರುಗಳಿಗೆ ಉತ್ತರ ಹೇಳುವುದು ಸುಲಭವಾದೀತು.