ಸಾಲಪತ್ರ ಬರೆಸಬೇಕಾದವರು ಯಾರು?

ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘವಾದ ಸೂಕ್ತ ನಮಾಝಿನ ಬಗ್ಗೆಯಾಗಲಿ ಹಜ್ಜಿನ ಬಗ್ಗೆಯಾಗಲಿ ಇಲ್ಲ. ಅದು ಇರುವುದು ಸಾಲಪತ್ರದ ಬಗ್ಗೆ. ಅಲ್ ಬಕರ ಅಧ್ಯಾಯದ 282ನೇ ಸೂಕ್ತವು ವಾಯಿದೆಯ ಸಾಲವನ್ನು ಬರೆದಿಡಬೇಕು, ಸಾಕ್ಷಿಗಳಿರಬೇಕು ಎನ್ನುತ್ತದೆ. ಜೊತೆಗೆ ಇನ್ನೊಂದು ನಿಯಮವನ್ನೂ ಇಡುತ್ತದೆ: ಪತ್ರದ ಒಕ್ಕಣೆ ಹೇಳಿ ಬರೆಸಬೇಕಾದವನು ಸಾಲ ಕೊಟ್ಟವನಲ್ಲ, ಅದನ್ನು ತೀರಿಸಬೇಕಾದವನು. ಅವನಿಗೆ ಆ ಶಕ್ತಿ ಇಲ್ಲದಿದ್ದರೆ ಅವನ ಪರವಾಗಿ ಪೋಷಕನು ನ್ಯಾಯವಾಗಿ ಬರೆಸಬೇಕು. ತನ್ನ ಹೊಣೆ ಎಷ್ಟೆಂದು ಅರಿಯದೆ ಯಾರೂ ಋಣಕ್ಕೆ ಬೀಳಬಾರದು ಎಂಬುದು ಇದರ ತಿರುಳು.

ಆಧುನಿಕ ಮನೆ ಸಾಲದ ಚರಿತ್ರೆ ಮಾತ್ರ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ನಡೆಯಿತು. ಅಮೆರಿಕವನ್ನೇ ನೋಡಿ. 1920ರ ದಶಕದಲ್ಲಿ ಅಲ್ಲಿನ ಮನೆ ಸಾಲಗಳ ವಾಯಿದೆ ಬಹುಪಾಲು ಕೆಲವೇ ವರ್ಷಗಳದು. ವಾಯಿದೆ ಮುಗಿದಾಗ ಉಳಿದ ಅಸಲನ್ನು ಒಟ್ಟಿಗೆ ಕಟ್ಟಬೇಕು, ಇಲ್ಲವೆ ಸಾಲವನ್ನು ನವೀಕರಿಸಬೇಕು. 1929ರ ಕುಸಿತದ ನಂತರ ನವೀಕರಿಸುವವರೇ ಇಲ್ಲವಾದರು, ಮನೆಗಳು ಹರಾಜಾದವು. 1934ರಲ್ಲಿ ಸ್ಥಾಪನೆಯಾದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ದೀರ್ಘಾವಧಿಯ ಸಮಾನ ಕಂತುಗಳನ್ನು ಬಳಕೆಗೆ ತಂದಿತು. ಕಂತು ಹಗುರವಾಯಿತು, ಆದರೆ ಕಾಗದದ ಕಟ್ಟು ಭಾರವಾಯಿತು. ಸಾಲದ ನಿಜವಾದ ವಾರ್ಷಿಕ ದರವನ್ನು ತೋರಿಸಲೇಬೇಕೆಂದು 1968ರಲ್ಲಿ ಕಾನೂನು ಬಂದರೂ, 2000ದ ನಂತರದ ವರ್ಷಗಳಲ್ಲಿ ಮೊದಲೆರಡು ವರ್ಷ ಕಡಿಮೆ ಬಡ್ಡಿ ತೋರಿಸಿ ಆಮೇಲೆ ಏರಿಸುವ ಸಾಲಗಳು ಹರಡಿದವು. ಷರತ್ತುಗಳು ಕಾಗದದಲ್ಲಿಯೇ ಇದ್ದವು. ಓದಿ ಅರ್ಥಮಾಡಿಕೊಂಡವರು ಕಡಿಮೆ. 2008ರ ಬಿಕ್ಕಟ್ಟಿನಲ್ಲಿ ಲಕ್ಷಾಂತರ ಕುಟುಂಬಗಳು ಮನೆ ಕಳೆದುಕೊಂಡವು.

ಆ ಪೆಟ್ಟಿನ ಫಲವಾಗಿ 2015ರ ಅಕ್ಟೋಬರ್ 3ರಿಂದ ಹೊಸ ನಿಯಮ ಜಾರಿಗೆ ಬಂತು. ಐದು ಪುಟಗಳ ಅಂತಿಮ ವಿವರಪತ್ರವು ಸಹಿಗೆ ಕನಿಷ್ಠ ಮೂರು ಕೆಲಸದ ದಿನಗಳ ಮುಂಚೆ ಸಾಲಗಾರನ ಕೈ ಸೇರಬೇಕು. ಮೊದಲು ಕೊಟ್ಟಿದ್ದ ಅಂದಾಜು ಪತ್ರದ ಜೊತೆ ಅವನು ಅದನ್ನು ಸಾಲುಸಾಲಾಗಿ ಹೋಲಿಸಬಹುದು: ಹೆಸರು, ಸಾಲದ ಮೊತ್ತ, ದರ ಸ್ಥಿರವೋ ಬದಲಾಗುವುದೋ, ತಿಂಗಳ ಕಂತು, ಕೈಯಿಂದ ಕಟ್ಟಬೇಕಾದ ಹಣ. ವಾರ್ಷಿಕ ದರ ಮಿತಿ ಮೀರಿ ಬದಲಾದರೆ, ಸಾಲದ ಬಗೆಯೇ ಬದಲಾದರೆ, ಅಥವಾ ಅವಧಿಗೆ ಮುನ್ನ ತೀರಿಸಿದರೆ ದಂಡವೆಂಬ ಷರತ್ತು ಹೊಸದಾಗಿ ಸೇರಿದರೆ ಆ ಮೂರು ದಿನಗಳನ್ನು ಮತ್ತೆ ಮೊದಲಿನಿಂದ ಎಣಿಸಬೇಕು.

ನಮ್ಮಲ್ಲಿಯೂ ರಿಸರ್ವ್ ಬ್ಯಾಂಕ್ 2024ರ ಅಕ್ಟೋಬರ್ 1ರಿಂದ ಮನೆ ಸಾಲವೂ ಸೇರಿದಂತೆ ಹೊಸ ಚಿಲ್ಲರೆ ಸಾಲಗಳಿಗೆ ಮುಖ್ಯಾಂಶಗಳ ಪತ್ರವನ್ನು ಕಡ್ಡಾಯ ಮಾಡಿದೆ. ಅದು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿರಬೇಕು, ಅದನ್ನು ಅವನಿಗೆ ವಿವರಿಸಿ ಹೇಳಬೇಕು, ಯೋಚಿಸಲು ಕನಿಷ್ಠ ಮೂರು ಕೆಲಸದ ದಿನಗಳಿರಬೇಕು.

ಬಡ್ಡಿಯ ಕುರಿತು ಅದೇ ಅಧ್ಯಾಯ ಕೊಟ್ಟಿರುವ ಕಠಿಣ ಎಚ್ಚರಿಕೆ ಮುಸ್ಲಿಮರಿಗೆ ಗೊತ್ತೇ ಇದೆ. ಆ ಚರ್ಚೆ ಬೇರೆ. ಆದರೆ ಯಾವ ಧರ್ಮದವರೇ ಆಗಲಿ, ಗುಮಾಸ್ತ ಪೆನ್ಸಿಲಿನಲ್ಲಿ ಗುರುತು ಹಾಕಿದ ಕಡೆಯೆಲ್ಲ ಸಹಿ ಮಾಡಿ ಎದ್ದು ಬರುವ ರೂಢಿ ನಿಲ್ಲಬೇಕು. ಪತ್ರ ಬರೆಸುವ ಅಧಿಕಾರ ಸಾಲಗಾರನಿಂದ ಎಂದೋ ಜಾರಿಹೋಗಿದೆ. ಕನ್ನಡದಲ್ಲಿ ಕೊಡಿ, ಓದಿ ನೋಡುತ್ತೇನೆ ಎಂದು ಕೇಳುವ ಹಕ್ಕಾದರೂ ಉಳಿದಿದೆ. ಅದನ್ನು ಬಿಟ್ಟುಕೊಡಬಾರದು.