ರೋಮಿನ ಬೆಳ್ಳಿ, ಬಯಲುಸೀಮೆಯ ದಾರಿ

ಚಿಂತಾಮಣಿ ತಾಲ್ಲೂಕಿನ ಅಂಬಾಜಿದುರ್ಗದ ಮೇಲಿರುವ ಕೋಟೆ ಟಿಪ್ಪುವಿನ ಕಾಲದ್ದು. ಪ್ರಾಚೀನ ರೋಮಿಗೂ ಆ ಗೋಡೆಗಳಿಗೂ ಸಂಬಂಧವಿಲ್ಲ. ಆದರೂ ಕರ್ನಾಟಕದ ಒಳನಾಡಿನಲ್ಲಿ ಸಿಕ್ಕ ರೋಮನ್ ನಾಣ್ಯಗಳ ಚರಿತ್ರೆಯನ್ನು ಈ ಬೆಟ್ಟಸಾಲಿನಿಂದ ಶುರುಮಾಡಿದರೆ ಮಾತ್ರ ಅದು ಸರಿಯಾಗಿ ಅರ್ಥವಾಗುತ್ತದೆ ಎಂಬುದು ನನ್ನ ವಾದ. ನಂದಿಯಿಂದ ಅಂಬಾಜಿದುರ್ಗ, ರಹಮಾನ್‌ಗಡಗಳವರೆಗೆ ಹಬ್ಬಿರುವ ಬಂಡೆಬೆಟ್ಟಗಳ ನಡುವೆ ಮಳೆಯ ನೀರು ಹಲವು ದಿಕ್ಕಿಗೆ ಒಡೆದು ಹರಿಯುತ್ತದೆ. ಉತ್ತರ ಪಿನಾಕಿನಿ ಗೌರಿಬಿದನೂರನ್ನು ಹಾದು, ಆಂಧ್ರವನ್ನು ಬಳಸಿಕೊಂಡು ನೆಲ್ಲೂರಿನ ಬಳಿ ಕಡಲು ಸೇರುತ್ತದೆ. ದಕ್ಷಿಣ ಪಿನಾಕಿನಿ ಹೊಸಕೋಟೆಯ ಕಡೆಯಿಂದ ಇಳಿದು ಕಡಲೂರನ್ನು ಮುಟ್ಟುತ್ತದೆ. ತಳಗವಾರದ ಕಡೆ ಹುಟ್ಟುವ ಪಾಲಾರ್ ಬೇತಮಂಗಲವನ್ನು ದಾಟಿ ವಾಣಿಯಂಬಾಡಿ, ವೇಲೂರು, ಕಂಚಿಯ ಸೀಮೆಯ ಮೂಲಕ ಮಾಮಲ್ಲಪುರದ ದಕ್ಷಿಣಕ್ಕೆ ಸಮುದ್ರ ಕಾಣುತ್ತದೆ. ಈ ಮೂರೂ ನದಿಗಳು ಕೊನೆಯಾಗುವಲ್ಲಿ ರೋಮಿನ ಕಾಲದ ಗುರುತುಗಳಿವೆ. ನೆಲ್ಲೂರಿನ ಬಳಿ 18ನೇ ಶತಮಾನದ ಕೊನೆಯಲ್ಲಿ ರೈತನೊಬ್ಬನ ನೇಗಿಲಿಗೆ ತಗುಲಿದ ಕುಡಿಕೆಯಲ್ಲಿ ಟ್ರಾಜನ್, ಹೇಡ್ರಿಯನ್ ಕಾಲದ ಚಿನ್ನದ ನಾಣ್ಯಗಳಿದ್ದವು. ಕಡಲೂರಿಗೆ ಉತ್ತರದಲ್ಲಿ, ಪುದುಚೇರಿಯ ಪಕ್ಕದಲ್ಲೇ ಹಳೆಯ ಬಂದರು ಅರಿಕಮೇಡು ಇದೆ. ಪಾಲಾರ್ ಮುಖದ ವಸವಸಮುದ್ರಂನಲ್ಲಿ ಉತ್ಖನನ ಮಾಡಿದಾಗ ದ್ರಾಕ್ಷಾಮದ್ಯ ತುಂಬಿ ತರುತ್ತಿದ್ದ ಆಂಫೋರಾ ಹೂಜಿಗಳ ಚೂರುಗಳು ದೊರೆತವು.

ಇನ್ನು ಮೇಲುನಾಡಿನ ಸಾಕ್ಷ್ಯ. 1891ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ ರೈಲು ಹಾದಿಗೆ ನೆಲ ಅಗೆಯುವಾಗ 163 ಬೆಳ್ಳಿ ದಿನಾರಿಯಸ್ ನಾಣ್ಯಗಳು ಸಿಕ್ಕವು. 1965ರಲ್ಲಿ ಅದೇ ಊರಿನ ಅಕ್ಕಿತಿಮ್ಮನಹಳ್ಳಿಯಲ್ಲಿ 256 ಸಿಕ್ಕವು. ಇವೆರಡರಲ್ಲೂ ಹೆಚ್ಚಿನವು ಆಗಸ್ಟಸ್, ಟೈಬೀರಿಯಸ್ ದೊರೆಗಳವು. ಕ್ಲಾಡಿಯಸ್‌ನ ಕಾಲದ ಹೊತ್ತಿಗೆ ಸಾಲು ನಿಲ್ಲುತ್ತದೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಆಗಸ್ಟಸ್, ಟೈಬೀರಿಯಸ್‌ರ ಬೆಳ್ಳಿ ನಾಣ್ಯಗಳು ದೊರೆತಿವೆ. ರೋಮಿನ ಚರಿತ್ರೆಯನ್ನು ಪ್ರೀತಿಸುವವರಿಗೆ ಈ ಸಂಖ್ಯೆಗಳು ಮೈ ಜುಮ್ಮೆನ್ನಿಸುತ್ತವೆ. ಸಾಮ್ರಾಟನ ಮುಖ ಬೆಂಗಳೂರಿನ ಮಣ್ಣಿನಲ್ಲಿ ಸಿಕ್ಕಿತೆಂದರೆ ಸಾಮ್ರಾಜ್ಯದ ಕೈ ಇಲ್ಲಿಯವರೆಗೆ ಚಾಚಿತ್ತು ಎಂದೇ ಮನಸ್ಸು ಹೇಳುತ್ತದೆ. ಆದರೆ ಲೆಕ್ಕ ಬೇರೆಯದನ್ನು ತೋರಿಸುತ್ತದೆ. ಆಗಸ್ಟಸ್‌ನ ಕಾಲದಲ್ಲಿ ರೋಮಿನ ಕಾಲಾಳು ಸೈನಿಕನೊಬ್ಬನ ವರ್ಷದ ಸಂಬಳ 225 ದಿನಾರಿಯಸ್. ಯಶವಂತಪುರದ ಇಡೀ ಕುಡಿಕೆ ಅಷ್ಟೂ ಇಲ್ಲ. ತೂಗಿದರೆ ಹೆಚ್ಚುಕಡಿಮೆ ಅರವತ್ತು ತೊಲದಷ್ಟು ಬೆಳ್ಳಿ ಇಲ್ಲವೇ ಅದಕ್ಕೂ ಕಡಿಮೆ. ಭಾರತವು ಪ್ರತಿ ವರ್ಷ ರೋಮಿನಿಂದ 5 ಕೋಟಿ ಸೆಸ್ಟರ್ಸ್ ಹೀರುತ್ತಿದೆ ಎಂದು ರೋಮಿನ ಲೇಖಕ ಪ್ಲಿನಿ ಗೊಣಗಿದ್ದ. ನಾಲ್ಕು ಸೆಸ್ಟರ್ಸಿಗೆ ಒಂದು ದಿನಾರಿಯಸ್. ಆ ಹೊಳೆಯ ಎದುರಿಗೆ ಇಲ್ಲಿ ಸಿಕ್ಕಿದ್ದು ಒಂದು ಬೊಗಸೆ. ಇದು ಒಬ್ಬ ವ್ಯಾಪಾರಿಯದೋ ಒಂದು ಮನೆತನದ್ದೋ ಗಂಟು. ಅದನ್ನು ಕಟ್ಟಿದವರು ಯಾರು, ಅವರಿಗೆ ಅದು ಏಕೆ ಬೇಕಾಗಿತ್ತು ಎಂಬುದೇ ಇಲ್ಲಿ ಕೇಳಬೇಕಾದ ಪ್ರಶ್ನೆ.

ಉತ್ತರದ ಎಳೆ ಆ ನಾಣ್ಯಗಳಲ್ಲೇ ಇದೆ. ರೋಮಿನಲ್ಲಿ ಆಗಸ್ಟಸ್ ಮತ್ತು ಟೈಬೀರಿಯಸ್ ಅಚ್ಚು ಹಾಕಿಸಿದ ಬಗೆಗಳು ಎಷ್ಟೋ ಇದ್ದವು. ದಕ್ಷಿಣ ಭಾರತದ ಕುಡಿಕೆಗಳಲ್ಲಿ ಮಾತ್ರ ಎರಡೇ ಬಗೆಗಳು ರಾಶಿ ರಾಶಿಯಾಗಿ ಸಿಗುತ್ತವೆ: ಆಗಸ್ಟಸ್‌ನ ಮೊಮ್ಮಕ್ಕಳಾದ ಗೈಯಸ್, ಲೂಸಿಯಸ್ ಗುರಾಣಿ ಹಿಡಿದು ನಿಂತಿರುವುದು ಒಂದು, ಟೈಬೀರಿಯಸ್‌ನ ನಾಣ್ಯದ ಹಿಂಬದಿಯಲ್ಲಿ ಹೆಂಗಸೊಬ್ಬಳು ಪೀಠದ ಮೇಲೆ ಕುಳಿತಿರುವುದು ಇನ್ನೊಂದು. ಕ್ರಿ.ಶ. 64ರಲ್ಲಿ ನೀರೋ ದಿನಾರಿಯಸ್‌ನ ತೂಕವನ್ನೂ ಬೆಳ್ಳಿಯ ಪಾಲನ್ನೂ ಇಳಿಸಿದ. ಆಮೇಲಿನ ಬೆಳ್ಳಿ ನಾಣ್ಯಗಳು ಈ ಕಡೆ ತೀರಾ ವಿರಳ. ನೆಲ್ಲೂರಿನಲ್ಲಿ ಎರಡನೇ ಶತಮಾನದ ಚಿನ್ನ ಸಿಕ್ಕಿರುವುದರಿಂದ ಹಡಗುಗಳು ನಿಂತುಹೋಗಿರಲಿಲ್ಲ ಎಂಬುದು ಸ್ಪಷ್ಟ. ನಿಂತದ್ದು ಹೊಸ ಬೆಳ್ಳಿಯ ಮೇಲಿನ ವಿಶ್ವಾಸ. ಕ್ಲಾಡಿಯಸ್‌ನ ಕಾಲದಲ್ಲಿ ಸಿಂಹಳಕ್ಕೆ ತೇಲಿಹೋದ ರೋಮನ್ನನೊಬ್ಬನ ಕತೆಯನ್ನು ಪ್ಲಿನಿ ಹೇಳುತ್ತಾನೆ. ಅಲ್ಲಿನ ದೊರೆ ಅವನ ಹತ್ತಿರವಿದ್ದ ದಿನಾರಿಯಸ್‌ಗಳನ್ನು ನೋಡಿ, ಬೇರೆ ಬೇರೆ ದೊರೆಗಳ ಮುಖವಿದ್ದರೂ ಎಲ್ಲದರ ತೂಕ ಒಂದೇ ಎಂದು ಮೆಚ್ಚಿದನಂತೆ. ಪ್ಲಿನಿ ಅದನ್ನು ರೋಮಿನ ಪ್ರಾಮಾಣಿಕತೆಗೆ ಸಿಕ್ಕ ಪ್ರಶಂಸೆಯೆಂದು ಬರೆದುಕೊಂಡ. ನಾನು ಅದರಲ್ಲಿ ಕಾಣುವುದು ತಕ್ಕಡಿ ಹಿಡಿದ ಗಿರಾಕಿಯನ್ನು. ದಕ್ಷಿಣದ ಚಿನಿವಾರರು ಮುಖ ನೋಡಿ ಮರುಳಾಗಲಿಲ್ಲ. ತೂಗಿದರು, ಕಚ್ಚು ಹಾಕಿ ಒಳಗಿನ ಲೋಹ ಪರೀಕ್ಷಿಸಿದರು. 1898ರಲ್ಲಿ ಪುದುಕೋಟೆಯಲ್ಲಿ ಸಿಕ್ಕ 501 ಚಿನ್ನದ ನಾಣ್ಯಗಳ ಪೈಕಿ ಹೆಚ್ಚಿನವುಗಳಲ್ಲಿ ಸಾಮ್ರಾಟನ ಮುಖದ ಮೇಲೇ ಉಳಿಯ ಗೀರು ಬಿದ್ದಿದೆ. ಕೋಲಾರ, ಹಟ್ಟಿಗಳಲ್ಲಿ ಚಿನ್ನವಿದ್ದ ಈ ಪ್ರಸ್ಥಭೂಮಿಗೆ ಬೆಳ್ಳಿ ಹೊರಗಿನಿಂದಲೇ ಬರಬೇಕಾಗಿತ್ತು ಎಂಬುದನ್ನೂ ನೆನಪಿಡಬೇಕು. ದಿನದ ಕೊಡುಕೊಳೆಗೆ ಚಂದ್ರವಳ್ಳಿಯಲ್ಲಿ ಸಾತವಾಹನರ ಮತ್ತು ಮಹಾರಠಿಗಳ ಸೀಸದ ನಾಣ್ಯಗಳಿದ್ದವು. ದಿನಾರಿಯಸ್ ಇಲ್ಲಿ ಚಲಾವಣೆಯ ದುಡ್ಡಾಗಿರದೆ ಭರವಸೆಯ ಬೆಳ್ಳಿಗಟ್ಟಿಯಾಗಿತ್ತು.

ರೋಮನ್ನರು ಕೋಲಾರದ ಚಿನ್ನಕ್ಕಾಗಿಯೇ ಇಲ್ಲಿಗೆ ಬಂದಿದ್ದಿರಬಾರದೇಕೆ ಎಂದು ಕೇಳುವವರಿದ್ದಾರೆ. 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರನ್ ಉರಿಗಾಂ, ಮಾರಿಕುಪ್ಪಂಗಳ ಸುತ್ತ ಜನ ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ಕಂಡಿದ್ದ. 1880ರ ದಶಕದಲ್ಲಿ ಗಣಿ ತೋಡಿದ ಕಂಪನಿಗಳಿಗೆ ದಾರಿ ತೋರಿದ್ದೂ ಹಳೆಯ ಗುಂಡಿಗಳೇ. ಹಳೆಯ ಗಣಿಗಾರಿಕೆ ನಿಜ. ಆದರೆ ರೋಮಿನ ಚಿನ್ನ ಭಾರತಕ್ಕೆ ಬರುತ್ತಿತ್ತು; ಪ್ಲಿನಿಯ ದೂರೇ ಅದು. ಕ್ರಿ.ಶ. ಒಂದನೇ ಶತಮಾನದ ಪೆರಿಪ್ಲಸ್ ಎಂಬ ಕಡಲ ಕೈಪಿಡಿ ದಕ್ಷಿಣದ ಬಂದರುಗಳಿಂದ ಹೊರಟ ಸರಕನ್ನು ಹೆಸರಿಸುತ್ತದೆ: ಮೆಣಸು, ಮುತ್ತು, ದಂತ, ರೇಷ್ಮೆ, ಪಾರದರ್ಶಕ ಹರಳುಗಳು. ಅದರಲ್ಲಿ ಚಿನ್ನವಿಲ್ಲ, ಬಂದರಿಗೆ ಇಳಿಯುತ್ತಿದ್ದ ಸರಕಿನಲ್ಲಿ ರಾಶಿ ನಾಣ್ಯವಿದೆ. ಟಾಲೆಮಿಯ ಭೂಗೋಳದಲ್ಲಿ ಬನವಾಸಿ ಇದೆ, ಪುನ್ನಾಟವಿದೆ. ಪುನ್ನಾಟಕ್ಕೆ ಅವನು ಹಚ್ಚಿದ ಗುರುತು ಪಚ್ಚೆಯ ಜಾತಿಯ ಬೆರಿಲ್ ಹರಳು. ಹರಳು, ದಂತಗಳ ಬೆಲೆಯಾಗಿ ಬೆಳ್ಳಿ ಘಟ್ಟ ಹತ್ತಿತು ಎಂದರೆ ಎಲ್ಲ ಸಾಕ್ಷ್ಯವೂ ಒಂದಕ್ಕೊಂದು ಹೊಂದುತ್ತದೆ.

ರೋಮನ್ನು ಅತಿಯಾಗಿ ನಂಬಿದ್ದರಿಂದ ನಮ್ಮ ಚರಿತ್ರೆಗಾದ ನಷ್ಟಕ್ಕೆ ಒಂದು ದೊಡ್ಡ ಉದಾಹರಣೆ ಇದೆ. ಪುರಾತತ್ವಜ್ಞ ಮಾರ್ಟಿಮರ್ ವೀಲರ್ 1945ರಲ್ಲಿ ಅರಿಕಮೇಡನ್ನು ಅಗೆದ. ಅಲ್ಲಿ ಇಟಲಿಯ ಕೆಂಪು ಪಾತ್ರೆಗಳ ಜೊತೆಗೆ, ತಳದೊಳಗೆ ಚುಕ್ಕಿಗೀರುಗಳ ಬಳೆಯಿರುವ ರೂಲೆಟೆಡ್ ಪಾತ್ರೆಗಳು ಸಿಕ್ಕವು. ಅವನ್ನು ರೋಮಿನ ಕಾಲಕ್ಕೆ ಗಂಟುಹಾಕಿದ. 1947ರಲ್ಲಿ ಚಿತ್ರದುರ್ಗ ಜಿಲ್ಲೆಗೆ ಬಂದು ಬ್ರಹ್ಮಗಿರಿ, ಚಂದ್ರವಳ್ಳಿಗಳನ್ನು ಅಗೆದಾಗ ಅದೇ ಪಾತ್ರೆಯ ಚೂರುಗಳನ್ನೂ ಟೈಬೀರಿಯಸ್‌ನ ನಾಣ್ಯವನ್ನೂ ಆಧಾರವಾಗಿಟ್ಟುಕೊಂಡು ಪದರಗಳ ಕಾಲವನ್ನು ಹಿಂದಕ್ಕೆ ಎಣಿಸಿದ. ಆ ಎಣಿಕೆಯಲ್ಲಿ ಬ್ರಹ್ಮಗಿರಿಯ ಬೃಹತ್ ಶಿಲಾ ಸಮಾಧಿಗಳು ಕ್ರಿ.ಪೂ. 200ರ ಸುಮಾರಿಗೆ ಶುರುವಾದವು. ಕಲ್ಲುಕೊಡಲಿಯ ಜನ ಕ್ರಿ.ಪೂ. 1000ರಿಂದೀಚಿನವರಾದರು. ಪದರ ಬಿಡಿಸುವ ಕೆಲಸದಲ್ಲಿ ವೀಲರ್‌ನ ಶಿಸ್ತು ದೊಡ್ಡದು. ನಮ್ಮ ಪುರಾತತ್ವಜ್ಞರು ಒಂದು ತಲೆಮಾರು ಅವನಿಂದ ಕಲಿತರು. ಆದರೆ ಕಾಲ ಅಳೆಯಲು ಅವನು ಹಿಡಿದ ಗಡಿಯಾರ ರೋಮಿನದು. ಮುಂದೆ ಹಳ್ಳೂರಿನಲ್ಲಿ ಎಂ.ಎಸ್. ನಾಗರಾಜರಾವ್ ಅಗೆದಾಗ ಸಿಕ್ಕ ಇದ್ದಿಲಿನ ರೇಡಿಯೋ ಕಾರ್ಬನ್ ಪರೀಕ್ಷೆ, ಕಬ್ಬಿಣವನ್ನೇ ಕ್ರಿ.ಪೂ. 1000ದ ಆಸುಪಾಸಿಗೆ ಒಯ್ದಿತು. ಕರ್ನಾಟಕದ ನವಶಿಲಾಯುಗ ಕ್ರಿ.ಪೂ. ಮೂರನೇ ಸಹಸ್ರಮಾನದವರೆಗೆ ಹಿಂದೆ ಸರಿಯಿತು. ರೂಲೆಟೆಡ್ ಪಾತ್ರೆಗಳು ಭಾರತದ್ದೇ ಜೇಡಿಯಿಂದ ಆದವು ಎಂಬುದೂ ತಿಳಿಯಿತು. ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿಯ ಕಲ್ಲುಗೋರಿಗಳಂಥವನ್ನು ಕಟ್ಟಿದ ಈ ಸೀಮೆಯ ಜನ ಯಾವ ದಿನಾರಿಯಸ್ಸಿಗೂ ಕಾಯದೆ ಕಬ್ಬಿಣ ಕರಗಿಸಿ, ಕಪ್ಪು-ಕೆಂಪು ಮಡಕೆ ಸುಟ್ಟು, ಹೆಬ್ಬಂಡೆ ಸೀಳಿ ಬದುಕಿದ್ದರು. ರೋಮಿನ ಬೆಳ್ಳಿ ಬಂದದ್ದು ಬಹು ಹಿಂದಿನಿಂದ ನೆಲೆನಿಂತಿದ್ದ ಸಮಾಜಕ್ಕೆ.

ಕನ್ನಡದ ವಿದ್ವಾಂಸರಿಗೂ ರೋಮಿನ ಸೆಳೆತ ಕಡಿಮೆಯಿರಲಿಲ್ಲ. ಒಂದು ಕಾಲಕ್ಕೆ ರೋಮ್ ಆಳಿದ್ದ ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿ 1903ರಲ್ಲಿ ಪ್ರಕಟವಾದ ಗ್ರೀಕ್ ಪ್ರಹಸನದ ಕೆಲವು ಮಾತುಗಳು ಕನ್ನಡವೆಂದು ಮರುವರ್ಷವೇ ಹುಲ್ಶ್ ಬರೆದರು, ಆರ್. ಶಾಮಶಾಸ್ತ್ರಿ, ಗೋವಿಂದ ಪೈ ಅದನ್ನು ಉತ್ಸಾಹದಿಂದ ಮುಂದುವರಿಸಿದರು; ಎಲ್.ಡಿ. ಬಾರ್ನೆಟ್ ಒಪ್ಪಲಿಲ್ಲ. ಆ ಚರ್ಚೆಯಲ್ಲಿದ್ದ ಪ್ರೀತಿಯನ್ನು ನಾನು ಗೌರವಿಸುತ್ತೇನೆ. ಆದರೆ ಒಂದು ಹರಿದ ಹಾಳೆಯ ಮೇಲೆ ಖರ್ಚಾದ ಶಾಯಿಯ ಕಾಲುಭಾಗವೂ ಯಶವಂತಪುರದ 163 ನಾಣ್ಯಗಳ ಮೇಲೆ ಖರ್ಚಾಗಲಿಲ್ಲ. ಕಡಲಾಚೆಯವರು ನಮ್ಮನ್ನು ಗುರುತಿಸಿದ್ದರೇ ಎಂಬ ತವಕ, ಇಲ್ಲಿಯವರು ಕಡಲಾಚೆಯ ಸರಕನ್ನು ಹೇಗೆ ಬಳಸಿದರು ಎಂಬ ಪ್ರಶ್ನೆಯನ್ನು ಹಿಂದಕ್ಕೆ ತಳ್ಳಿತು.

ನನ್ನ ನದಿಗಳ ವಾದಕ್ಕೂ ಆಕ್ಷೇಪ ಇರುವುದು ಸಹಜ. ಪಾಲಾರ್ ವರ್ಷದ ಹೆಚ್ಚು ಕಾಲ ಮರಳಿನ ಹಾಸು; ಅದರಲ್ಲಿ ದೋಣಿ ಬರುವುದೆಲ್ಲಿ? ನನ್ನ ವಾದಕ್ಕೆ ದೋಣಿ ಬೇಕಾಗಿಲ್ಲ. ಹೇರೆತ್ತುಗಳಿಗೆ ಬೇಕಾದದ್ದು ಮೇವು, ತೋಡಿದರೆ ಸಿಗುವ ಒರತೆ ನೀರು, ಘಟ್ಟ ಇಳಿಯಲು ಇಳಿಜಾರು. ನದಿಯ ಕಣಿವೆ ಇವೆಲ್ಲವನ್ನೂ ಕೊಡುತ್ತದೆ. ಬೆಂಗಳೂರಿನಿಂದ ಮದ್ರಾಸಿಗೆ ರೈಲು ಹಾಕಿದವರೂ ವಾಣಿಯಂಬಾಡಿ, ಆಂಬೂರುಗಳಲ್ಲಿ ಪಾಲಾರ್ ಕಣಿವೆಯನ್ನೇ ಹಿಡಿದರು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಬೆಳ್ಳಿ ಪೂರ್ವದ ತೀರದಿಂದಲ್ಲ, ಕೊಂಗುನಾಡಿನಿಂದ ಬಂದಿರಬಹುದು. ಪೊಳ್ಳಾಚಿ, ಕರೂರುಗಳಲ್ಲಿ ಇದೇ ಬಗೆಯ ದಿನಾರಿಯಸ್‌ಗಳ ದೊಡ್ಡ ಕುಡಿಕೆಗಳು ಸಿಕ್ಕಿವೆ. ಉತ್ತರಕ್ಕೆ ನಲ್ಗೊಂಡದ ಅಕ್ಕನಪಲ್ಲಿಯಲ್ಲಿ 1531 ನಾಣ್ಯಗಳು ಒಟ್ಟಿಗೆ ದೊರೆತಿವೆ. ಬೆಂಗಳೂರು ಈ ಎರಡರ ನಡುವಿನ ತೆಂಕು-ಬಡಗು ಹಾದಿಯ ಮೇಲಿದೆ. ಇದನ್ನು ನಾನು ಒಪ್ಪುತ್ತೇನೆ, ಬೆಳ್ಳಿಯ ಮಟ್ಟಿಗೆ ಅದೇ ಹೆಚ್ಚು ಸಂಭಾವ್ಯವೆಂದೂ ಭಾವಿಸುತ್ತೇನೆ. ಆದರೆ ಇದರಿಂದ ವಾದ ಬಲವಾಗುತ್ತದೆ. ಕೊಂಗುನಾಡಿನಿಂದ ಕೃಷ್ಣಾ ಕಣಿವೆಗೆ ಹೋಗುವ ಹಾದಿಯೂ ಪೂರ್ವಕ್ಕೆ ಇಳಿಯುವ ಕಣಿವೆಗಳೂ ಒಂದನ್ನೊಂದು ಕತ್ತರಿಸುವುದು ಬೆಂಗಳೂರು, ಹೊಸಕೋಟೆ, ಚಿಂತಾಮಣಿಗಳ ಈ ಮೇಲುನೆಲದಲ್ಲೇ. ಬೆಳ್ಳಿ ಸೇರುವುದು ಕವಲುದಾರಿಯಲ್ಲಿ, ಅದನ್ನು ತೂಗಬಲ್ಲವರ ಕೈಗೆ.

ಹಾಗಾದರೆ ನಾಣ್ಯಗಳು ಬಹಳ ತಡವಾಗಿ, ಶತಮಾನಗಳ ನಂತರ ಹಳೆಯ ಬೆಳ್ಳಿಯಾಗಿ ಬಂದಿರಬಾರದೇ? ಹಾಗಿದ್ದರೆ ನಡುವೆ ಬೇರೆ ಕಾಲದ, ಬೇರೆ ದೇಶದ ಬೆಳ್ಳಿಯೂ ಬೆರೆತಿರಬೇಕಿತ್ತು. ಎರಡು ಕುಡಿಕೆಗಳೂ ಒಂದೇ ಕಾಲಕ್ಕೆ ಬಂದು ನಿಲ್ಲುವುದು ಆಕಸ್ಮಿಕವಾಗಲಾರದು. ಕೆಲವು ದಶಕಗಳ ಹಿಂದುಮುಂದು ಇರಬಹುದು, ಅಷ್ಟೆ. ಇದನ್ನು ಇನ್ನಷ್ಟು ಬಿಗಿಯಾಗಿ ಹೇಳಲು ಕುಡಿಕೆಯೇ ಬೇಕು: ಅದು ಯಾವ ಮಣ್ಣಿನದು, ಯಾವ ಪದರದಲ್ಲಿತ್ತು, ಪಕ್ಕದಲ್ಲಿ ಬೂದಿ ಇತ್ತೇ, ಕಬ್ಬಿಣದ ಕಿಟ್ಟ ಇತ್ತೇ, ಮಣಿಗಳಿದ್ದವೇ. ಚಂದ್ರವಳ್ಳಿಯ ಒಂದೆರಡು ನಾಣ್ಯಗಳು ಬೆಂಗಳೂರಿನ ನಾಲ್ಕುನೂರಕ್ಕಿಂತ ಹೆಚ್ಚು ಮಾತಾಡುವುದಕ್ಕೆ ಕಾರಣ, ಅವು ಸೀಸದ ನಾಣ್ಯ, ಮಡಕೆಚೂರುಗಳ ಜೊತೆಗೆ ತಮ್ಮ ಪದರದಲ್ಲೇ ಸಿಕ್ಕವು. ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕವನು ಅದರ ಬಗೆ, ಬೆಲೆಗಳ ಜೊತೆಗೆ ಸಿಕ್ಕ ಜಾಗವನ್ನೂ ಕಲೆಕ್ಟರಿಗೆ ಬರೆದು ತಿಳಿಸಬೇಕು ಎಂದು 1878ರ ನಿಧಿ ಕಾಯ್ದೆ ಹೇಳಿತ್ತು. ಆದರೆ ಸಂಗ್ರಾಹಕರ ಮೇಳಗಳಲ್ಲಿ ಇಂದು ರೋಮನ್ ದಿನಾರಿಯಸ್‌ಗೆ ಬೆಲೆ ಕಟ್ಟುವಾಗ ದೊರೆಯ ಹೆಸರನ್ನೂ ಅಚ್ಚಿನ ಅಂದವನ್ನೂ ನೋಡುತ್ತಾರೆ. ತಳಗವಾರದಿಂದ ಬೇತಮಂಗಲದವರೆಗಿನ ಹೊಲ, ಕೆರೆಯಂಗಳ, ಬಡಾವಣೆಗಳಲ್ಲಿ ಈಗ ಜೆಸಿಬಿ ಅಗೆಯುತ್ತಿರುವ ಮಣ್ಣಿನಲ್ಲಿ ಮುಂದಿನ ಕುಡಿಕೆ ಎದ್ದರೆ, ಅದರೊಳಗಿನ ಬೆಳ್ಳಿಗಿಂತ ಆ ಮಡಕೆಯ ಚೂರು ಮತ್ತು ಸರ್ವೆ ನಂಬರು ಈ ವಾದವನ್ನು ತೀರ್ಮಾನಿಸುತ್ತವೆ.